ಬಂಡೆಯ ನೆರಳಿನಲ್ಲಿ ರೇಷ್ಮೆ ಸೀರೆ

ದಾವಣಗೆರೆಯಲ್ಲಿ ಹನ್ನೆರಡು ವರ್ಷ ಮದುವೆಯ ಫೋಟೊಗಳನ್ನೇ ತೆಗೆದುಕೊಂಡಿದ್ದ ನನಗೆ, ಬಟ್ಟೆ ಅಂಗಡಿಯೊಂದರ ಕ್ಯಾಟಲಾಗಿಗಾಗಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ರೇಷ್ಮೆ ಸೀರೆಗಳನ್ನು ಹೊರಾಂಗಣದಲ್ಲಿ ಚಿತ್ರೀಕರಿಸುವ ಕೆಲಸ ಒದಗಿತು. ಮದುವೆಯಲ್ಲಿ ಮುಖ ಚೆನ್ನಾಗಿ ಬಂದರೆ ಉಳಿದದ್ದನ್ನು ಯಾರೂ ಕೇಳುವುದಿಲ್ಲ. ಅದೇ ರೂಢಿಯನ್ನು ಇಲ್ಲಿಗೂ ಹೊತ್ತು ಹೋದೆ.

ಚಿತ್ರದುರ್ಗದ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿದ್ದು, ವಾಣಿಜ್ಯ ಚಿತ್ರೀಕರಣಕ್ಕೆ ಮುಂಚಿತವಾಗಿ ಅನುಮತಿ ಪಡೆಯಬೇಕಾದ್ದರಿಂದ, ಊರಾಚೆ ಪರಿಚಿತರೊಬ್ಬರ ಹೊಲದಲ್ಲಿದ್ದ ದೊಡ್ಡ ಬಂಡೆಗಳ ಬಳಿ ಜಾಗ ಗೊತ್ತುಮಾಡಿಕೊಂಡೆವು. ಮೇಕಪ್ ಮುಗಿಯುವಷ್ಟರಲ್ಲಿ ಹತ್ತೂವರೆ. ನೆತ್ತಿಯತ್ತ ಏರುತ್ತಿದ್ದ ಬಿಸಿಲಿನಿಂದ ರೂಪದರ್ಶಿಯ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತಿತ್ತು. ಅದನ್ನು ಹೋಗಲಾಡಿಸಲು ಬೆಳ್ಳಿ ಬಣ್ಣದ ರಿಫ್ಲೆಕ್ಟರನ್ನು ಸೊಂಟದ ಮಟ್ಟದಲ್ಲಿ ಹಿಡಿಸಿದೆ. ಆಕೆ ಕಣ್ಣು ಕಿರಿದು ಮಾಡಿಕೊಂಡೇ ನಿಂತಳು. ಕ್ಯಾಮೆರಾದ ಪರದೆಯಲ್ಲಿ ಮುಖ ಬೆಳಗುತ್ತಿತ್ತು, ನಾನೂ ನಿಶ್ಚಿಂತನಾಗಿದ್ದೆ.

ಮರುದಿನ ಮಾನಿಟರಿನ ಮುಂದೆ ಕುಳಿತ ಅಂಗಡಿಯ ಯಜಮಾನರು ಒಂದೇ ಮಾತು ಹೇಳಿದರು: "ಏನಪ್ಪಾ, ನಾನು ಕೊಟ್ಟ ಸೀರೆ ಇದಲ್ವಲ್ಲ."

ಹಿಗ್ಗಿಸಿ ನೋಡಿದಾಗ ಅವರ ಮಾತು ನಿಜವಾಗಿತ್ತು. ಅಂಚಿನ ಜರಿ ಬಿಳಿಯ ಪಟ್ಟಿಯಾಗಿ, ಅದರೊಳಗಿನ ಬುಟ್ಟಾಗಳೆಲ್ಲ ಅಳಿಸಿಹೋಗಿದ್ದವು. ಜರಿಯ ಮೈ ಕನ್ನಡಿಯಂಥದ್ದು, ಬೆಳ್ಳಿ ರಿಫ್ಲೆಕ್ಟರಿನದೂ ಅಂಥದ್ದೇ. ಸೂರ್ಯನನ್ನು ಒಂದು ಕನ್ನಡಿಯಿಂದ ಇನ್ನೊಂದು ಕನ್ನಡಿಗೆ ಎರಚಿದಂತಾಗಿತ್ತು. ಕಡುಗೆಂಪು ಒಡಲಿನ ಕಥೆ ಇನ್ನೂ ಸೂಕ್ಷ್ಮವಾದದ್ದು. ಚಿತ್ರದ ಕಪ್ಪಿನಿಂದ ಬಿಳಿಯವರೆಗಿನ ಬೆಳಕಿನ ಹಂಚಿಕೆಯನ್ನು ತೋರಿಸುವ ನಕ್ಷೆ, ಅಂದರೆ ಹಿಸ್ಟೋಗ್ರಾಮ್, ಒಟ್ಟಾರೆ ಸರಿಯಾಗಿಯೇ ಕಂಡರೂ, ಕೆಂಪು, ಹಸಿರು, ನೀಲಿಗಳನ್ನು ಬೇರೆಬೇರೆಯಾಗಿ ತೋರಿಸುವ ಹಿಸ್ಟೋಗ್ರಾಮಿನಲ್ಲಿ ಕೆಂಪು ಮಾತ್ರ ಬಲತುದಿಗೆ, ಅಂದರೆ ಕ್ಯಾಮೆರಾ ಹಿಡಿಯಬಲ್ಲ ಮಿತಿಗೆ, ಬಡಿದು ನಿಂತಿತ್ತು. ಹಾಗೆ ತುಂಬಿ ಹರಿದ ಬಣ್ಣದಲ್ಲಿ ನೆರಿಗೆಯ ಏರಿಳಿತ ಉಳಿಯುವುದಿಲ್ಲ. ಸಾಲದ್ದಕ್ಕೆ, ಹೊಲದ ಕೆಮ್ಮಣ್ಣಿನಿಂದ ಪುಟಿದ ಬೆಳಕು ಸೀರೆಯ ಕೆಳಭಾಗಕ್ಕೆಲ್ಲ ಇಟ್ಟಿಗೆಯ ಛಾಯೆ ಬಳಿದಿತ್ತು.

ಎರಡನೆಯ ಸಲ ಬೆಳಗ್ಗೆ ಏಳಕ್ಕೇ ಕ್ಯಾಮೆರಾ ಕೈಯಲ್ಲಿತ್ತು. ಬಿಸಿಲು ಬೀಳುವ ಮಗ್ಗುಲನ್ನು ಬಿಟ್ಟು, ಬಂಡೆಯ ಪಶ್ಚಿಮದ ನೆರಳಿನಲ್ಲಿ ರೂಪದರ್ಶಿಯನ್ನು ನಿಲ್ಲಿಸಿದೆ. ಒಂದು ಬದಿಯ ಬೆಳಕನ್ನು ಬಂಡೆ ತಡೆಯುತ್ತಿತ್ತು, ಇನ್ನೊಂದು ಬದಿಯಿಂದ ತೆರೆದ ಆಕಾಶದ ಮೆತ್ತನೆಯ ಬೆಳಕು ಓರೆಯಾಗಿ ಹರಿದು ಪ್ರತಿ ನೆರಿಗೆಯನ್ನೂ ಬಿಡಿಸಿ ತೋರಿಸುತ್ತಿತ್ತು. ರಿಫ್ಲೆಕ್ಟರಿನ ಬದಲು ಬಂಡೆಯ ಕಡೆಗೆ ಬಿಳಿಯ ಥರ್ಮೋಕೋಲ್ ಹಲಗೆ ಹಿಡಿಸಿದೆ, ಮಣ್ಣಿನ ಮೇಲೆ ಚೌಕಟ್ಟಿನ ಆಚೆಗೆ ಬಿಳಿ ಬೆಡ್‌ಶೀಟ್ ಹಾಸಿದೆ. ನೆರಳಿನ ಬೆಳಕು ನೀಲಿಯತ್ತ ವಾಲುವುದರಿಂದ, ಸೀರೆ ಬದಲಾದಾಗಲೆಲ್ಲ, ಆಮೇಲೆ ಬಣ್ಣ ಸರಿಪಡಿಸಲು ಆಧಾರವಾಗುವ ಬೂದು ಕಾರ್ಡಿನ ಒಂದು ಫೋಟೊ ತೆಗೆದಿಟ್ಟುಕೊಂಡೆ. ಫ್ಲ್ಯಾಷ್ ಚೀಲದಲ್ಲೇ ಉಳಿಯಿತು. ಚಿತ್ರದುರ್ಗದ ಗಾಳಿಗೆ, ಫ್ಲ್ಯಾಷಿನ ಬೆಳಕನ್ನು ಮೆತ್ತಗಾಗಿಸುವ ಛತ್ರಿ ಕಟ್ಟಿದ ಸ್ಟ್ಯಾಂಡ್ ನಿಲ್ಲುವುದೂ ಕಷ್ಟ.

ಚೌಕಟ್ಟಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. 85 ಮಿ.ಮೀ. ಲೆನ್ಸನ್ನು ಕಣ್ಣಿನ ಎತ್ತರದಿಂದ ಸೊಂಟದ ಎತ್ತರಕ್ಕೆ ಇಳಿಸಿದ್ದರಿಂದ, ನಿಂತ ಭಂಗಿಯಲ್ಲಿ ಕಾಲು ಗಿಡ್ಡವಾಗಿ ಕಾಣುವುದು ತಪ್ಪಿತು. ಹಿಂದಿನ ಬಂಡೆಯ ಮೇಲಂಚು ಕುತ್ತಿಗೆಯನ್ನು ಕೊಯ್ಯುವಂತೆ ಹಾದುಹೋಗುತ್ತಿದ್ದಾಗ ನಾನು ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ. ಸೆರಗು ಹಾರುವ ದಿಕ್ಕಿನಲ್ಲಿ ಒಂದಿಷ್ಟು ಜಾಗವನ್ನು ಖಾಲಿ ಬಿಟ್ಟೆ.

ಯಜಮಾನರು ಈ ಬಾರಿ ಸೀರೆಗಳನ್ನೇ ತಂದು, ಕಿಟಕಿಯ ಬೆಳಕಿನಲ್ಲಿ ಮಾನಿಟರಿನ ಪಕ್ಕಕ್ಕೆ ಹಿಡಿದು ಒಂದೊಂದನ್ನೇ ಹೋಲಿಸಿದರು. ಹಾಸು (ಉದ್ದದ ಎಳೆ) ಹಸಿರು, ಹೊಕ್ಕು (ಅಡ್ಡದ ಎಳೆ) ಗುಲಾಬಿಯಾಗಿದ್ದ ಒಂದು ಸೀರೆಯನ್ನು ಮಾತ್ರ ಅವರು ಒಪ್ಪಲಿಲ್ಲ. ನೋಡುವ ಕೋನ ಬದಲಾದಂತೆ ಬಣ್ಣ ಬದಲಾಗುವ ಆ ಸೀರೆಯನ್ನು ಒಂದೇ ಚಿತ್ರದಲ್ಲಿ ಹಿಡಿಯಲು ನನ್ನಿಂದ ಆಗಲಿಲ್ಲ. ಕೊನೆಗೆ ಅದಕ್ಕೆ ಎರಡು ಚಿತ್ರಗಳನ್ನು ಅಕ್ಕಪಕ್ಕ ಹಾಕಿದೆವು, ಎರಡನೆಯದರ ಹಣವನ್ನು ನಾನು ಕೇಳಲಿಲ್ಲ.