ಆ ಪಿನ್-ಅಪ್ ಹಾಳೆ ನಿಜಕ್ಕೂ 1940ರ ದಶಕದ್ದೇ?

12 ಜುಲೈ 2025, ಶನಿವಾರ

ಹಳೆಯ ಅಮೆರಿಕನ್ ಪತ್ರಿಕೆಗಳಿಂದ ಕತ್ತರಿಸಿದ ಪಿನ್-ಅಪ್ ಚಿತ್ರ (ಗೋಡೆಗೆ ಹಚ್ಚಿಕೊಳ್ಳಲೆಂದೇ ಅಚ್ಚಾದ ಮೋಹಕ ಹೆಣ್ಣಿನ ಚಿತ್ರ) ಆನ್‌ಲೈನಿನಲ್ಲಿ ಮಾರಾಟಕ್ಕೆ ಬಂತೆಂದರೆ 'ಅಸಲಿ, 1943' ಎಂಬ ಒಕ್ಕಣೆ ಇದ್ದೇ ಇರುತ್ತದೆ. ದುಡ್ಡು ಕೊಡುವ ಮುಂಚೆ ಚಿತ್ರದ ಹೆಣ್ಣನ್ನು ಬಿಟ್ಟು ಪಕ್ಕದ ಅಕ್ಷರ ನೋಡಬೇಕು.

10 ಪಟ್ಟು ಹಿಗ್ಗಿಸುವ ಲೂಪ್ (ಕಣ್ಣಿಗೆ ಹಿಡಿಯುವ ಪುಟ್ಟ ಮಸೂರ) ಸಾಕು. ಸಣ್ಣ ಕಪ್ಪು ಅಕ್ಷರದ ಮೇಲಿಟ್ಟು ನೋಡಿ. ಅಂದಿನ ಅಚ್ಚಿನಲ್ಲಿ ಅಕ್ಷರಕ್ಕೆ ಬರೀ ಕಪ್ಪು ಶಾಯಿ, ಹಾಗಾಗಿ ಒಳಗೆಲ್ಲ ತುಂಬು ಕಪ್ಪು. ಹಾಳೆಯನ್ನು ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದ್ದರೆ ಅದೇ ಅಕ್ಷರ ಸಾಮಾನ್ಯವಾಗಿ ನೀಲಿ, ಗುಲಾಬಿ, ಹಳದಿ ಚುಕ್ಕಿಗಳಾಗಿ ಒಡೆದಿರುತ್ತದೆ. ಆಮೇಲೆ ಕೆನ್ನೆ, ತೊಡೆಯ ಮೈಬಣ್ಣಕ್ಕೆ ಬನ್ನಿ. ನಾಲ್ಕು ಬಣ್ಣದ ಚುಕ್ಕಿಸಾಲುಗಳು ಬೇರೆ ಬೇರೆ ಕೋನದಲ್ಲಿ ಕೂಡಿ ಪುಟ್ಟ ಹೂವಿನ ವಿನ್ಯಾಸ ಕಾಣಬೇಕು. ನಕಲಿನಲ್ಲಿ ಹಳೆಯ ಚುಕ್ಕಿಯ ಮೇಲೆ ಹೊಸ ಚುಕ್ಕಿ ಕೂತು ಅಲೆಅಲೆಯಾಗಿ ಪಟ್ಟೆ ಏಳುತ್ತದೆ. ಪಟ್ಟೆ ಅಳಿಸಲು ಸ್ಕ್ಯಾನನ್ನು ಮಸುಕು ಮಾಡಿದರೆ ಕಣ್ರೆಪ್ಪೆ, ಸಹಿ ಎರಡೂ ಹದಗೆಡುತ್ತವೆ. ಇಂಕ್‌ಜೆಟ್ ಪ್ರಿಂಟಾದರೆ ಹೂವೇ ಇಲ್ಲ, ಚುಕ್ಕಿಗಳು ಅಡ್ಡಾದಿಡ್ಡಿ ಚೆಲ್ಲಿರುತ್ತವೆ.

ಸಹಿಯೂ ಸುಳಿವು ಕೊಡುತ್ತದೆ. ಪೆರುವಿನ ಚಿತ್ರಕಾರ ಅಲ್ಬರ್ಟೊ ವರ್ಗಾಸ್ 1940ರಲ್ಲಿ ಅಮೆರಿಕದ ಎಸ್ಕ್ವೈರ್ ಪತ್ರಿಕೆಗೆ ಚಿತ್ರ ಬರೆಯತೊಡಗಿದಾಗ ಪತ್ರಿಕೆ ಹೆಸರಿನ ಕೊನೆಯ 'ಸ್' ತೆಗೆದು 'ವರ್ಗಾ' ಮಾಡಿತು. 1943ರ ಎಸ್ಕ್ವೈರ್ ಹಾಳೆ ಎಂದು ಹೇಳಿಕೊಂಡು 'ವರ್ಗಾಸ್' ಎಂಬ ಪೂರ್ತಿ ಸಹಿ ಇದ್ದರೆ ಅಲ್ಲಿಗೇ ಬಿಟ್ಟುಬಿಡಿ. ಅವರು ಪೂರ್ತಿ ಹೆಸರು ಹಾಕಿದ ಪ್ಲೇಬಾಯ್ ಚಿತ್ರಗಳು ಬಂದದ್ದು ಆಮೇಲೆ.

ಹಿಂಬದಿ ಖಾಲಿ ಇದ್ದರೆ ಅನುಮಾನ ಪಡಬೇಕಾದದ್ದೇ. ಆದರೆ ಜಾಹೀರಾತಿಲ್ಲ ಅನ್ನುವ ಒಂದೇ ಕಾರಣಕ್ಕೆ ನಕಲಿ ಅನ್ನಬೇಡಿ. ಯುದ್ಧಕಾಲದಲ್ಲಿ ಸೈನಿಕರಿಗೆ ಜಾಹೀರಾತಿಲ್ಲದ ಎಸ್ಕ್ವೈರ್ ಪ್ರತಿಗಳು ಪುಕ್ಕಟೆ ಹೋಗುತ್ತಿದ್ದವು.

ಇನ್ನು ಯುವಿ (ಅತಿನೇರಳೆ ಬೆಳಕಿನ) ಟಾರ್ಚು, 365 ನ್ಯಾನೋಮೀಟರಿನದು. ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಸೇರಿಸುವುದು ರೂಢಿಗೆ ಬಂದದ್ದು ಸುಮಾರು 1950ರಿಂದೀಚೆಗೆ. ಹಾಗಾಗಿ ಕತ್ತಲಲ್ಲಿ ಇಡೀ ಹಾಳೆ ನೀಲಿಬಿಳುಪಾಗಿ ಹೊಳೆದರೆ ಅದು 1943ರದ್ದಲ್ಲ. ಹೊಳೆಯದಿದ್ದರೆ ಏನೂ ಸಾಬೀತಾಗುವುದಿಲ್ಲ; ಇಂದಿಗೂ ಹೊಳೆಯದ ಕಾಗದ ಸಿಗುತ್ತದೆ. ಚಹಾ ಬಳಿದು ಹಳತು ಮಾಡುವವರೂ ಇದ್ದಾರೆ. ಅದರ ಕಂದು ಎಲ್ಲ ಕಡೆ ಒಂದೇ ಸಮ ಇರುತ್ತದೆ, ನಿಜವಾದ ಮುಪ್ಪು ಅಂಚಿನಿಂದ ಒಳಕ್ಕೆ ಹರಡುತ್ತದೆ.

ಕ್ಯಾಲೆಂಡರಿನ ಲೆಕ್ಕವೇ ಬೇರೆ. ಅಮೆರಿಕದ ಮಿನ್ನೆಸೋಟದಲ್ಲಿ ಕ್ಯಾಲೆಂಡರ್ ಅಚ್ಚು ಹಾಕುತ್ತಿದ್ದ ಬ್ರೌನ್ ಆ್ಯಂಡ್ ಬಿಗೆಲೊ ಕಂಪನಿಗೆ ಚಿತ್ರಕಾರ ಗಿಲ್ ಎಲ್ವ್‌ಗ್ರೆನ್ ಬರೆದುಕೊಟ್ಟ ತೈಲಚಿತ್ರಗಳು ಹೆಚ್ಚಾಗಿ 30x24 ಇಂಚು. ಗ್ಯಾರೇಜು, ಬಿಡಿಭಾಗದ ಅಂಗಡಿಗಳು ಚಿತ್ರ ಆರಿಸಿಕೊಂಡು ಕೆಳಗೆ ತಮ್ಮ ಹೆಸರು ಹಾಕಿಸಿ ಗಿರಾಕಿಗಳಿಗೆ ಹಂಚುತ್ತಿದ್ದವು. ಅದೇ ಚಿತ್ರ ಇಸ್ಪೀಟು ಎಲೆಗೂ ಶಾಯಿ ಹೀರುವ ಬ್ಲಾಟರಿಗೂ ಮತ್ತೆಮತ್ತೆ ಅಚ್ಚಾಗುತ್ತಿತ್ತು. ಚಿತ್ರ ಬರೆದ ವರ್ಷವೇ ಕಾಗದದ ವಯಸ್ಸು ಎಂದು ನಂಬಿಸುವ ಮಾರಾಟಗಾರರನ್ನು ದೂರವಿಡಿ. ನನಗಂತೂ ಗ್ಯಾರೇಜಿನ ಹೆಸರಿರುವ ಹಾಳೆಯೇ ಹೆಚ್ಚು ಬೆಲೆಯದು.

ಕೊಂಡ ಮೇಲೆ ಲ್ಯಾಮಿನೇಶನ್ ಬೇಡವೇ ಬೇಡ, ಸೆಲ್ಲೋಟೇಪು ಬೇಡ, ಪಿವಿಸಿ ಕವರೂ ಬೇಡ. ತುಕ್ಕು ಹಿಡಿದ ಸ್ಟೇಪ್ಲರ್ ಪಿನ್ನನ್ನು ಎಳೆಯದೆ, ಹಿಂದಿನಿಂದ ಕಾಲು ನೆಟ್ಟಗೆ ಮಾಡಿ ತೆಗೆಯಿರಿ. ಪಾಲಿಯೆಸ್ಟರ್ ಕವರು, ಹಿಂದೆ ಆಸಿಡ್-ಮುಕ್ತ ರಟ್ಟು ಸಾಕು. ಮಂಗಳೂರು, ಕಾರವಾರದ ಕಡೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ತೇವಾಂಶ ತೋರಿಸುವ ಪುಟ್ಟ ಮೀಟರನ್ನೂ ಇಡಿ. ಅದು 50% ದಾಟಿದರೆ ಜೆಲ್ ಬದಲಿಸಿ.