ಕಣ್ಣೆದುರೇ ಹಾಲು ಉಕ್ಕಿತು

ಮೊನ್ನೆ ಬೆಳಿಗ್ಗೆ ಬನಶಂಕರಿಯ ನಮ್ಮ ಮನೆಯಲ್ಲಿ ಹಾಲು ಉಕ್ಕಿತು. ಒಲೆ ಮುಂದೆಯೇ ನಿಂತಿದ್ದೆ, ಕೈಯಲ್ಲಿ ಮೊಬೈಲ್, ಅದರಲ್ಲಿ ಆಫೀಸಿನ ಮೆಸೇಜು. ಅಮ್ಮ ದೇವರ ಮನೆಯಿಂದ "ಹಾಲು ನೋಡ್ಕೊಳೋ" ಅಂತ ಎರಡು ಸಲ ಕೂಗಿದ್ದರಂತೆ, ಕೆಳಗೆ ಕಸದ ಆಟೋ ಹಾಡು ಹಾಕಿಕೊಂಡು ಹೋಗಿತ್ತಂತೆ, ನನಗೆ ಒಂದೂ ಕೇಳಿಸಿಲ್ಲ. ನೊರೆ ಬರ್ನರ್ ಮೇಲೆ ಬಿದ್ದು ಸುಯ್ ಅಂದು, ಸೀದ ವಾಸನೆ ಮೂಗಿಗೆ ಹೊಡೆದ ಮೇಲೇ ಎಚ್ಚರ.

"ನಿನಗೆ ಗಮನವೇ ಇಲ್ಲ" ಅಂದರು ಅಮ್ಮ. ಇತ್ತು ಕಣಮ್ಮ, ಮೊಬೈಲ್ ಮೇಲಿತ್ತು!

ನೆಪ ಹೇಳ್ತಿಲ್ಲ. ಗಮನ ಅಂದರೆ ಒಂದನ್ನು ಹಿಡಿಯೋದು ಮಾತ್ರ ಅಲ್ಲ, ಉಳಿದದ್ದನ್ನು ಹೊರಗೆ ನಿಲ್ಲಿಸೋದೂ ಹೌದು. ಮಿದುಳಿನ ನಡುವೆ ಥಲಾಮಸ್ ಅಂತ ಒಂದು ಭಾಗ ಇದೆ. ಕಣ್ಣು, ಕಿವಿಯ ಸುದ್ದಿ ಹೆಚ್ಚಾಗಿ ಅದರ ಮೂಲಕವೇ ಮೇಲಕ್ಕೆ ಹೋಗಬೇಕು. ಅದಕ್ಕೆ ತೆಳ್ಳಗೆ ಹೊದಿಸಿದ ಹಾಗೆ ಒಂದು ಪದರ ನರಕೋಶಗಳಿವೆ, ಅಪಾರ್ಟ್‌ಮೆಂಟಿನ ವಾಚ್‌ಮನ್ ಇದ್ದಂತೆ. ಒಳಗಿನ ಕೋಶಗಳನ್ನು ಸುಮ್ಮನಿರಿಸೋದೇ ಇವುಗಳ ಕೆಲಸ. ಡಿಎನ್‌ಎ ರಚನೆ ಬಿಡಿಸಿದ ಇಬ್ಬರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್, ಗಮನವನ್ನು ತಿರುಗಿಸೋದು ಈ ಪದರವೇ ಇರಬಹುದು ಅಂತ 1984ರಲ್ಲೇ ಊಹಿಸಿದ್ದರು. 2015ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗದಲ್ಲಿ ಅದಕ್ಕೆ ಬಲ ಸಿಕ್ಕಿತು. ಬೆಳಕು ಬಿಟ್ಟು ಶಬ್ದವನ್ನು ಹಿಂಬಾಲಿಸಬೇಕಾದಾಗ, ಕಣ್ಣಿನ ದಾರಿ ಕಾಯೋ ಕೋಶಗಳು ಜಾಸ್ತಿ ಚುರುಕಾಗಿ ಆ ದಾರಿಯನ್ನು ತಗ್ಗಿಸುತ್ತಿದ್ದವು.

ವಾಸನೆಗೆ ಮಾತ್ರ ಈ ಬಾಗಿಲಿನ ಹಂಗಿಲ್ಲ. ಅದು ಥಲಾಮಸ್ ಮುಟ್ಟದೆಯೇ ಮೂಗಿನಿಂದ ಮಿದುಳಿನ ಹೊರಪದರಕ್ಕೆ ಹೋಗಬಲ್ಲದು. ಸೀದ ಹಾಲು ನನ್ನನ್ನು ಎಬ್ಬಿಸಿದ್ದು ಅದಕ್ಕೇ ಅಂತ ಪ್ರಮಾಣ ಮಾಡಲಾರೆ, ಆದರೂ ಮಜಾ ಅಲ್ವಾ?

ಇನ್ನೊಂದು ಸಂಗತಿ. ಮಿದುಳಿನ ಬುಡದಲ್ಲಿ ನೀಲಿ ಛಾಯೆಯ ಒಂದು ಪುಟ್ಟ ಚುಕ್ಕೆ ಇದೆ. ಮನುಷ್ಯನ ಮಿದುಳಿನಲ್ಲಿ ಹತ್ತಿರ ಹತ್ತಿರ 8,600 ಕೋಟಿ ನರಕೋಶಗಳು, ಇಲ್ಲಿರೋದು ಬರೀ ಸಾವಿರಗಳ ಲೆಕ್ಕದಲ್ಲಿ. ಆದರೆ ಇವು ಸುರಿಸುವ ನಾರ್‌ಅಡ್ರಿನಲಿನ್ ಅನ್ನೋ ರಾಸಾಯನಿಕ ಮಿದುಳಿನ ಮೂಲೆಮೂಲೆಗೂ ಹೋಗುತ್ತೆ. ಕಮ್ಮಿ ಆದರೆ ತೂಕಡಿಕೆ, ಜಾಸ್ತಿ ಆದರೆ ಮನಸ್ಸು ಒಂದು ಕಡೆ ನಿಲ್ಲದೆ ಸಿಕ್ಕಿದ್ದಕ್ಕೆಲ್ಲ ಬೆಚ್ಚುತ್ತೆ. ಹದವಾಗಿದ್ದರೆ ಕೆಲಸ ಸಾಗುತ್ತೆ.

ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಾರು, ಸೋಪು ಕೈಗಿಟ್ಟು, "ನಿನ್ನ ವಾಚ್‌ಮನ್‌ನೂ ಕರ್ಕೋ, ಇಬ್ಬರೂ ಸೇರಿ ಒಲೆ ಉಜ್ಜಿ" ಅಂದರು.