ಜೊಳ್ಳು ತೂರುವಾಗ ಕಾಳೂ ಹಾರಿಹೋಯಿತು

ಮಿದುಳಿನ ಯಾವ ಭಾಗ ಯಾವಾಗ ಚುರುಕಾಗಿದೆ ಎಂದು ಎಂಆರ್‌ಐ ಸ್ಕ್ಯಾನರ್‌ನಿಂದ ಗುರುತಿಸುವ ವಿಧಾನ ಎಫ್‌ಎಂಆರ್‌ಐ. ಅದರ ದತ್ತಾಂಶವನ್ನು ವಿಶ್ಲೇಷಿಸುವುದು ನನ್ನ ಕೆಲಸ. ನರಕೋಶಗಳ ಚಟುವಟಿಕೆಯನ್ನು ಸ್ಕ್ಯಾನರ್ ನೇರವಾಗಿ ಅಳೆಯುವುದಿಲ್ಲ. ಚುರುಕಾದ ಭಾಗಕ್ಕೆ ಆಮ್ಲಜನಕ ತುಂಬಿದ ರಕ್ತ ಹೆಚ್ಚಾಗಿ ಹರಿದಾಗ ಸಂಕೇತದಲ್ಲಾಗುವ ಅಲ್ಪ ಏರಿಕೆಯನ್ನಷ್ಟೇ ಹಿಡಿಯುತ್ತದೆ. 3 ಟೆಸ್ಲಾ (ಕಾಂತಬಲದ ಅಳತೆ) ಯಂತ್ರದಲ್ಲಿ ಅದು ಸಾಮಾನ್ಯವಾಗಿ ಶೇ 1ರಿಂದ 3ರಷ್ಟು. ತಲೆ ಅರ್ಧ ಮಿಲಿಮೀಟರ್ ಸರಿದರೂ ಮಿದುಳಿನ ಅಂಚಿನಲ್ಲಿ ಇದನ್ನು ಮೀರಿಸುವ ಏರುಪೇರು ಕಾಣಿಸಿಕೊಳ್ಳಬಹುದು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಪಾಲಿಗೆ ಬಂದದ್ದು ಸರಳ ಪ್ರಯೋಗ: ಸ್ಕ್ಯಾನರ್‌ನಲ್ಲಿ ಮಲಗಿದ ಸ್ವಯಂಸೇವಕ 20 ಸೆಕೆಂಡು ಬಲಗೈಯಿಂದ ಬಟನ್ ಒತ್ತುವುದು, 20 ಸೆಕೆಂಡು ಸುಮ್ಮನಿರುವುದು. ನಕ್ಷೆಯಲ್ಲಿ, ಬಲಗೈಯನ್ನು ಆಡಿಸುವ ಎಡ ಚಲನಾ ವಲಯ ನಿರೀಕ್ಷೆಯಂತೆ ಬೆಳಗಿತ್ತು. ಹಣೆಯ ಕಡೆಯ ಅಂಚಿನಲ್ಲಿ ಕೆಂಪು ಗೆರೆಯೊಂದು ಬಿದಿಗೆಯ ಚಂದ್ರನಂತೆ ಬಾಗಿತ್ತು. ಮುಂಭಾಗದ ಮಿದುಳೂ ಸಕ್ರಿಯವಾಗಿದೆಯೆಂದು ನಾನು ಹಿಗ್ಗಿದೆ. ನಮ್ಮ ಹಿರಿಯ ಮೇಡಂ ನಕ್ಷೆಯ ಹಿಂಬದಿಯತ್ತ ಬೆರಳು ತೋರಿಸಿ, "ಇಲ್ಲಿ ನೀಲಿ ಗೆರೆ ಯಾಕಿದೆ ನೋಡಿದಿರಾ?" ಎಂದರು. ತಲೆ ಒಂದೆಡೆಗೆ ವಾಲಿದರೆ ಒಂದು ಅಂಚಿನಲ್ಲಿ ಸಂಕೇತ ಏರಿ, ಎದುರಿನ ಅಂಚಿನಲ್ಲಿ ಇಳಿಯುತ್ತದೆ. ತಲೆಯ ಚಲನೆಯ ಗ್ರಾಫ್ ತೆರೆದಾಗ, ಒತ್ತುವ ಪ್ರತಿ ಸರದಿಯಲ್ಲೂ ಸ್ವಯಂಸೇವಕ ಕೂದಲೆಳೆಯಷ್ಟು ತಲೆ ಆಡಿಸಿದ್ದು ಮೆಟ್ಟಿಲಿನಂತೆ ಕಂಡಿತು. ನಾನು ಆ ಗ್ರಾಫನ್ನು ತೆರೆದೇ ಇರಲಿಲ್ಲ.

ನಾಚಿಕೆಯಿಂದ ಮುಂದಿನ ತಪ್ಪು ಮಾಡಿದೆ. ತಲೆಯ ಆಟದ ಪರಿಣಾಮವನ್ನು ಕಳೆಯಲೆಂದು ಚಲನೆಯ ಆರು ಅಳತೆಗಳು, ಅವುಗಳ ಹಿಂದಿನ ಕ್ಷಣದ ಬೆಲೆಗಳು, ಈ ಹನ್ನೆರಡರ ವರ್ಗಗಳು (ತಮ್ಮಿಂದಲೇ ಗುಣಿಸಿದ ಬೆಲೆಗಳು), ಒಟ್ಟು 24 ಅಂಕಣಗಳನ್ನು ವಿಶ್ಲೇಷಣೆಯ ಗಣಿತ ಮಾದರಿಗೆ ಸೇರಿಸಿದೆ. ಗೆರೆಗಳು ಮಾಯವಾದವು, ಜೊತೆಗೆ ಚಲನಾ ವಲಯವೂ ಮಸುಕಾಯಿತು. ನೆಗಡಿಯೆಂದು ಮೂಗು ಕೊಯ್ದಂತಾಯಿತು. ತಲೆಯ ಆಟವೂ ಕೈಯ ಕೆಲಸವೂ ಒಂದೇ ತಾಳದಲ್ಲಿ ನಡೆದಿರುವಾಗ ಯಾವುದು ಯಾರ ಪಾಲೆಂದು ಲೆಕ್ಕಕ್ಕೆ ತಿಳಿಯುವುದಿಲ್ಲ.

ಅವನ್ನು ಬೇರ್ಪಡಿಸುವುದು ಸಮಯ. ತಲೆ ಅಲುಗಿದ ಗುರುತು ತಕ್ಷಣ ಬೀಳುತ್ತದೆ, ರಕ್ತದ ಪ್ರತಿಕ್ರಿಯೆ ನಿಧಾನವಾಗಿ ಏರಿ ಐದಾರು ಸೆಕೆಂಡಿನ ನಂತರ ತುದಿ ಮುಟ್ಟುತ್ತದೆ. 20 ಸೆಕೆಂಡಿನ ಉದ್ದ ಸರದಿಯಲ್ಲಿ ಈ ಅಂತರ ಬಹುಮಟ್ಟಿಗೆ ಕರಗಿಹೋಗುತ್ತದೆ. ಆದ್ದರಿಂದ ತಲೆಯ ಸುತ್ತ ಸ್ಪಂಜು ಬಿಗಿಯಾಗಿ ತುಂಬಿ, ಏರುಪೇರಾದ ಬಿಡುವುಗಳಲ್ಲಿ ಒಮ್ಮೊಮ್ಮೆ ಮಾತ್ರ ಒತ್ತಿಸಿ ಪ್ರಯೋಗವನ್ನು ಮತ್ತೆ ನಡೆಸಿದೆವು. ಬೆರಳಿಗೆ ನಾಡಿಯ ಕ್ಲಿಪ್ಪನ್ನೂ ಹಾಕಿದೆವು, ಏಕೆಂದರೆ ಎರಡು ಸೆಕೆಂಡಿಗೊಮ್ಮೆ ಚಿತ್ರ ತೆಗೆಯುವಾಗ ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಬಡಿಯುವ ಹೃದಯ ನಿಧಾನದ ಅಲೆಯ ವೇಷದಲ್ಲಿ ಬರುತ್ತದೆ, ಮತ್ತು ವೇಗದ ಏರಿಳಿತಗಳನ್ನು ಸೋಸುವ ಫಿಲ್ಟರ್‌ಗೆ ಆ ವೇಷ ತಿಳಿಯುವುದಿಲ್ಲ. ಈ ಸಲ 24 ಅಂಕಣಗಳ ನಂತರವೂ ಚಲನಾ ವಲಯ ಉಳಿಯಿತು. ಹಳೆಯ ದತ್ತಾಂಶವನ್ನು ಕೈಬಿಟ್ಟೆವು.